ಹರಕತ್ತಿಲ್ಲ ಅಂದವರು ಯಾರು?

ಡೊಂಬಿವಲಿಯ ನಮ್ಮ ಕಟ್ಟಡಕ್ಕೆ ನಾಲ್ಕು ಮಹಡಿ, ಲಿಫ್ಟ್ ಇಲ್ಲ. ಮಳೆಗಾಲ ಬಂತೆಂದರೆ ಮೇಲಿನ ಮಹಡಿಯವರು ಹಾಸಿಗೆಯ ಪಕ್ಕ ಬಕೆಟ್ ಇಟ್ಟುಕೊಂಡು ಮಲಗುತ್ತಾರೆ. ಕಟ್ಟಡ ಕೆಡವಿ ಹೊಸದು ಕಟ್ಟಿಸುವ ಮಾತು ಮೂರು ವರ್ಷದಿಂದ ನಡೆದಿತ್ತು. ಹೋದ ವರ್ಷ ಒಂದು ರವಿವಾರ ಬೆಳಿಗ್ಗೆ ಗಚ್ಚಿಯ ಮೇಲೆ ಸೊಸೈಟಿಯ ಸಭೆ ಸೇರಿತು. ಬಿಲ್ಡರನ ಪ್ರಸ್ತಾವವನ್ನು ಅರ್ಧ ತಾಸು ಮರಾಠಿಯಲ್ಲಿ ಓದಿದರು. ಕಾರ್ಪೆಟ್ ಏರಿಯಾ, ಬಾಡಿಗೆ, ಠೇವಣಿ, ಮೂವತ್ತಾರು ತಿಂಗಳು. ಕೊನೆಗೆ ಅಧ್ಯಕ್ಷರು ತಲೆಯೆತ್ತಿ ಕೇಳಿದರು: "ಕೋಣಾಚೀ ಹರಕತ್ ಆಹೇ ಕಾ?" ಯಾರದಾದರೂ ಆಕ್ಷೇಪ ಇದೆಯೇ?

ಮೊದಲ ಮಹಡಿಯ ಆಜಿ ಸಣ್ಣ ದನಿಯಲ್ಲಿ ಏನೋ ಅಂದರು. "ಮೂರು ವರ್ಷ ನಾನು ಎಲ್ಲಿ ಹೋಗಲಿ?" ಎಂಬುದು ಪಕ್ಕದಲ್ಲಿದ್ದ ನನಗೆ ಕೇಳಿಸಿತು. ನನಗೂ ಎರಡು ಪ್ರಶ್ನೆಗಳಿದ್ದವು. ಬಾಡಿಗೆ ನಿಂತರೆ ಯಾರು ಹೊಣೆ? ಬ್ಯಾಂಕ್ ಗ್ಯಾರಂಟಿ ಎಷ್ಟು? ಮನಸ್ಸಿನಲ್ಲೇ ಅದನ್ನು ಮರಾಠಿಗೆ ಜೋಡಿಸುತ್ತಿದ್ದೆ. ಇಪ್ಪತ್ತು ವರ್ಷ ಈ ಊರಲ್ಲಿದ್ದರೂ ನನ್ನ ಮರಾಠಿ ಕಾಯಿಪಲ್ಲೆಯವರ ಹತ್ತಿರ ನಡೆಯುತ್ತದೆ, ಸಭೆಯಲ್ಲಿ ಎಡವುತ್ತದೆ. ನಾನು ವಾಕ್ಯ ಕಟ್ಟಿ ಮುಗಿಸುವುದರೊಳಗೆ ಚಪ್ಪಾಳೆ ಬಿತ್ತು. ಸಂಜೆ ವಾಟ್ಸಾಪಿನಲ್ಲಿ ಇತಿವೃತ್ತ ಬಂತು: ಠರಾವು ಸರ್ವಾನುಮತೇ ಮಂಜೂರ್.

"ನಿಮಗ ಒಪ್ಪಿಗಿ ಇತ್ತೇನು?" ಎಂದು ಹೆಂಡತಿ ಕೇಳಿದಳು.

"ಇದ್ದಿಲ್ಲ."

"ಮತ್ತ ಯಾಕ ಸುಮ್ಮನ ಕುಂತ್ರಿ?"

ಎರಡು ದಿನ ಬಿಟ್ಟು ಮೆಟ್ಟಿಲ ಮೇಲೆ ಆಜಿ ಸಿಕ್ಕರು. ಅವರೂ ಅದನ್ನೇ ಕೇಳಿದರು. ನಾನು ತಡವರಿಸಿದೆ. ಅವರು ಸಿಟ್ಟಾಗಲಿಲ್ಲ. ತಮ್ಮ ಅಪ್ಪನ ಕಥೆ ಹೇಳಿದರು. ಅವರ ತವರು ಖಾಡಿಯ ಆಚೆ, ಇವತ್ತು ನಾವು ನವಿಮುಂಬಯಿ ಎಂದು ಕರೆಯುವ ಜಾಗದಲ್ಲಿ. ಭತ್ತದ ಗದ್ದೆಯಿತ್ತು. ಸರಕಾರ ಭೂಮಿ ತೆಗೆದುಕೊಂಡಾಗ ಅಪ್ಪ ಹೆಬ್ಬೆಟ್ಟು ಒತ್ತಿ ಕೊಟ್ಟಷ್ಟು ಹಣ ತಂದ. ಮುಂದೆ ಕೆಲವರು ಕೋರ್ಟಿಗೆ ಹೋಗಿ ಹೆಚ್ಚು ಪಡೆದರು. ಅಪ್ಪ ಕೇಳಲು ಹೋದಾಗ ಸಿಕ್ಕ ಉತ್ತರ: ನೀವು ತಕರಾರಿಲ್ಲದೆ ತೆಗೆದುಕೊಂಡಿದ್ದೀರಿ. "ಅಪ್ಪನೂ ನಿನ್ನ ಹಾಗೆಯೇ ಗಪ್ಪ ಕೂತಿದ್ದ" ಎಂದರು ಆಜಿ.

ಆ ಮಾತು ನನ್ನನ್ನು ಬಿಡಲಿಲ್ಲ. ಸುಮ್ಮನಿರುವುದು ಯಾವಾಗ ಒಪ್ಪಿಗೆಯಾಗುತ್ತದೆ, ಹಾಗೆಂದು ನಿರ್ಧರಿಸುವವರು ಯಾರು ಎಂದು ಹುಡುಕುತ್ತ ಹೋದೆ. ಈ ಬರಹ ಆ ಹುಡುಕಾಟದ್ದು.

ಒಂದು ಗಾದೆ, ಅರ್ಧ ನಿಯಮ

ಮೌನಂ ಸಮ್ಮತಿ ಲಕ್ಷಣಂ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಕನ್ಯೆ ನೋಡುವ ಶಾಸ್ತ್ರದಲ್ಲಿ ಹುಡುಗಿ ತಲೆ ತಗ್ಗಿಸಿದರೆ ಹಿರಿಯರು ನಕ್ಕು ಇದನ್ನೇ ಹೇಳುತ್ತಿದ್ದರು. ಆದರೆ ಈ ಗಾದೆಯಲ್ಲಿರುವುದು 'ಲಕ್ಷಣ' ಎಂಬ ಪದ. ಲಕ್ಷಣ ಅಂದರೆ ಕುರುಹು. ಜ್ವರ ಮಲೇರಿಯಾದ ಲಕ್ಷಣ ನಿಜ, ಜ್ವರ ಬಂದವರಿಗೆಲ್ಲ ಮಲೇರಿಯಾ ಅಲ್ಲ. ಬಳಕೆಯಲ್ಲಿ ನಾವು ಲಕ್ಷಣವನ್ನು ಬಿಟ್ಟು 'ಮೌನವೇ ಸಮ್ಮತಿ' ಮಾಡಿಕೊಂಡೆವು.

ಯುರೋಪಿನಲ್ಲೂ ಇಂಥದೇ ಒಂದು ಸೂತ್ರವಿತ್ತು. ಪೋಪ್ ಎಂಟನೆಯ ಬೋನಿಫೇಸ್ 1298ರಲ್ಲಿ ಹೊರಡಿಸಿದ ಚರ್ಚಿನ ಕಾನೂನು ಸಂಗ್ರಹದ ಕೊನೆಯಲ್ಲಿ 88 ನ್ಯಾಯಸೂತ್ರಗಳಿವೆ. ಸುಮ್ಮನಿದ್ದವನು ಒಪ್ಪಿದಂತೆ ಕಾಣುತ್ತಾನೆ ಎಂಬುದು 43ನೆಯದು. ಅದರ ಬೆನ್ನಿಗೇ ಬರುವ 44ನೆಯದನ್ನು ಯಾರೂ ನೆನೆಯುವುದಿಲ್ಲ. ಸುಮ್ಮನಿದ್ದವನು ಒಪ್ಪಿಕೊಂಡಂತೂ ಅಲ್ಲ, ಅಲ್ಲಗಳೆದಂತೂ ಅಲ್ಲ ಎನ್ನುತ್ತದೆ ಅದು. ಮುಂದೆ ಮೊದಲ ಸೂತ್ರಕ್ಕೆ ಒಂದು ಷರತ್ತೂ ಸೇರಿತು: ಮಾತಾಡಬೇಕಾದ ಕಡೆ, ಮಾತಾಡಲು ಸಾಧ್ಯವಿದ್ದಾಗ ಸುಮ್ಮನಿದ್ದರೆ ಮಾತ್ರ. 1535ರಲ್ಲಿ ಇಂಗ್ಲೆಂಡಿನ ಥಾಮಸ್ ಮೋರ್ ರಾಜನ ಹೊಸ ಪದವಿಯ ಬಗ್ಗೆ ಬಾಯಿಬಿಡದೆ ಇದ್ದು ವಿಚಾರಣೆಗೆ ಗುರಿಯಾದ. ಮೌನ ಒಪ್ಪಿಗೆ ಎನ್ನುವುದಾದರೆ ನನ್ನ ಮೌನವನ್ನೂ ಒಪ್ಪಿಗೆಯೆಂದೇ ತಿಳಿಯಬೇಕಲ್ಲ ಎಂದು ವಾದಿಸಿದ. ಆರೋಪ ಹೊರಿಸಿದವರು ಅವನ ಮೌನದಲ್ಲಿ ದ್ರೋಹವನ್ನೇ ಓದಿದರು, ತಲೆ ಹೋಯಿತು. ಮೌನಕ್ಕೆ ಸ್ವಂತ ಅರ್ಥವಿಲ್ಲ. ಅಧಿಕಾರದಲ್ಲಿರುವವರು ತಮಗೆ ಬೇಕಾದ ಅರ್ಥವನ್ನು ಅದಕ್ಕೆ ಹಚ್ಚುತ್ತಾರೆ.

ನಮ್ಮ ಧರ್ಮಶಾಸ್ತ್ರಗಳಲ್ಲೂ ಆ ಷರತ್ತು ಬೇರೆ ರೂಪದಲ್ಲಿದೆ. ಸಭೆಗೆ ಹೋಗಬಾರದು, ಹೋದರೆ ಸರಿಯಾದದ್ದನ್ನು ಹೇಳಬೇಕು, ಸುಮ್ಮನಿದ್ದವನಿಗೂ ಪಾಪ ತಟ್ಟುತ್ತದೆ ಎಂದು ಮನುಸ್ಮೃತಿ ಹೇಳುತ್ತದೆ. ಕೌರವರ ಸಭೆಯಲ್ಲಿ ದ್ರೌಪದಿ ಪ್ರಶ್ನೆ ಕೇಳಿದಾಗ ಹಿರಿಯರೆಲ್ಲ ನೆಲ ನೋಡಿದರು, ಹುಡುಗ ವಿಕರ್ಣನೊಬ್ಬ ಎದ್ದು ನಿಂತ. ಭೀಷ್ಮರ ಮೌನವೂ ದ್ರೌಪದಿಯನ್ನು ಎಳೆತಂದಾಗಿನ ದಾಸಿಯರ ಮೌನವೂ ಒಂದೇ ಅಲ್ಲ. ಒಬ್ಬರಿಗೆ ಮಾತಾಡುವ ಶಕ್ತಿಯಿತ್ತು, ಇನ್ನೊಬ್ಬರಿಗೆ ಇರಲಿಲ್ಲ.

ಕನ್ನಡದ ಪದಗಳು ಈ ವಿಷಯದಲ್ಲಿ ಗಾದೆಗಿಂತ ಪ್ರಾಮಾಣಿಕ. 'ಒಪ್ಪಿಗೆ'ಯ ಒಡನಾಡಿ 'ಒಪ್ಪ', ಅಂದರೆ ಸಹಿ. ವಿಜಯನಗರದ ಅರಸರ ತಾಮ್ರಶಾಸನಗಳ ಕೊನೆಗೆ ಕನ್ನಡ ಅಕ್ಷರದಲ್ಲಿ ಬರುವ 'ಶ್ರೀ ವಿರೂಪಾಕ್ಷ' ಎಂಬುದು ಅರಸನ ಒಪ್ಪ. 'ಒಡಂಬಡಿಕೆ' ಎಂದರೆ ಇಬ್ಬರೂ ಸೇರಿ ಮಾಡಬೇಕಾದದ್ದು. 'ಹೂಂಗುಡುವುದು' ಮಾತ್ರ ಬೇರೆ. ಅಜ್ಜಿ ಕಥೆ ಹೇಳುವಾಗ ನಾವು ಹೂಂ ಎನ್ನುತ್ತಿದ್ದದ್ದು ಕೇಳುತ್ತಿದ್ದೇವೆ ಎಂದು ತಿಳಿಸಲು, ಕಥೆಗೆ ಮತ ಕೊಡಲು ಅಲ್ಲ.

ಠಾಣೆಯ ನೆಲಕ್ಕೂ ಈ ಒಪ್ಪದ ಇತಿಹಾಸವಿದೆ. ಮೊದಲು ರಾಷ್ಟ್ರಕೂಟರ ಸಾಮಂತರಾಗಿದ್ದು ಸ್ಥಾನಕ, ಅಂದರೆ ಇಂದಿನ ಠಾಣೆಯಿಂದ ಆಳಿದ ಉತ್ತರ ಕೊಂಕಣದ ಶಿಲಾಹಾರರು ಭೂದಾನ ಮಾಡಿ ತಾಮ್ರಪಟ ಬರೆಸುವಾಗ, ಕೊನೆಯಲ್ಲಿ ಅರಸನು ಲಿಪಿಕಾರನ ಕೈಯಿಂದ ತನ್ನ 'ಮತ'ವನ್ನು ಬರೆಸುವ ರೂಢಿ ಇತ್ತು: ಇಲ್ಲಿ ಬರೆದದ್ದಕ್ಕೆ ನನ್ನ ಸಮ್ಮತಿ ಇದೆ ಎಂದು. ಸಾವಿರ ವರ್ಷದ ಹಿಂದೆಯೂ ದೊಡ್ಡವರ ಒಪ್ಪಿಗೆ ಅಕ್ಷರದಲ್ಲಿ ದಾಖಲಾಗುತ್ತಿತ್ತು. ಆ ಗದ್ದೆ ಉಳುತ್ತಿದ್ದವನ ಮತವನ್ನು ಯಾರೂ ಬರೆಸಲಿಲ್ಲ.

ಇನ್ನು 'ಹರಕತ್'. ಅರಬ್ಬಿಯಲ್ಲಿ ಇದರ ಅರ್ಥ ಚಲನೆ. ಮರಾಠಿಯಲ್ಲಿ ಅದು ಆಕ್ಷೇಪವಾಯಿತು. ನಮ್ಮ ಧಾರವಾಡದ ಕಡೆ "ಹರಕತ್ತಿಲ್ಲ ಬಿಡ್ರಿ" ಎಂದರೆ ಪರವಾಗಿಲ್ಲ ಎಂದು. ಮಹಾರಾಷ್ಟ್ರದ ಕಚೇರಿಗಳಲ್ಲಿ ಎನ್‌ಒಸಿಗೆ 'ನಾ ಹರಕತ್ ದಾಖಲಾ' ಎನ್ನುತ್ತಾರೆ. ಮೂಲದ ಅರ್ಥ ಹಿಡಿದರೆ, ಅಲುಗಾಡದೆ ಇದ್ದುದಕ್ಕೆ ಕೊಟ್ಟ ಪ್ರಮಾಣಪತ್ರ!

ಹನ್ನೊಂದು ವರ್ಷದ ಹುಡುಗಿ

ನಮ್ಮ ಸೀಮೆಯಲ್ಲಿ ಈ ಪ್ರಶ್ನೆ ನ್ಯಾಯಾಲಯದಲ್ಲಿ ಗಟ್ಟಿಯಾಗಿ ಎದ್ದದ್ದು ಮದುವೆಯ ಮೂಲಕ. ಕಲ್ಯಾಣದ ಜೋಶಿ ಮನೆತನದ ಯಮುನಾ ಎಂಬ ಹುಡುಗಿಯನ್ನು ಒಂಬತ್ತನೆಯ ವಯಸ್ಸಿಗೆ ಅಂಚೆ ಗುಮಾಸ್ತ ಗೋಪಾಳರಾವ್ ಜೋಶಿಗೆ ಮದುವೆ ಮಾಡಿಕೊಟ್ಟರು. ಆಕೆಯೇ ಮುಂದೆ 1886ರಲ್ಲಿ ಅಮೆರಿಕದಲ್ಲಿ ವೈದ್ಯ ಪದವಿ ಪಡೆದ ಆನಂದಿಬಾಯಿ ಜೋಶಿ. ಆಕೆಗಿಂತ ಕೆಲವೇ ತಿಂಗಳು ಹಿರಿಯಳಾದ ಮುಂಬಯಿಯ ರಖಮಾಬಾಯಿಗೆ ಹನ್ನೊಂದನೆಯ ವಯಸ್ಸಿಗೆ ಮದುವೆಯಾಗಿತ್ತು. ಆಕೆ ಗಂಡನ ಮನೆಗೆ ಹೋಗಲಿಲ್ಲ. 1884ರಲ್ಲಿ ಗಂಡ ದಾದಾಜಿ ಭಿಕಾಜಿ ಮುಂಬಯಿ ಹೈಕೋರ್ಟಿಗೆ ಹೋದ. ಆ ಮದುವೆಗೆ ನಾನು ಒಪ್ಪಿರಲಿಲ್ಲ, ಒಪ್ಪುವ ವಯಸ್ಸೂ ಆಗ ನನ್ನದಾಗಿರಲಿಲ್ಲ ಎಂಬುದು ರಖಮಾಬಾಯಿಯ ನಿಲುವು. ಮಂಟಪದಲ್ಲಿ ಆಕೆ ಸುಮ್ಮನಿದ್ದದ್ದು ನಿಜ. ಹನ್ನೊಂದರ ಹುಡುಗಿ ಮತ್ತೇನು ಮಾಡಬೇಕಿತ್ತು?

1885ರಲ್ಲಿ ನ್ಯಾಯಮೂರ್ತಿ ಪಿನ್ಹೆ ಆಕೆಯ ಪರ ತೀರ್ಪಿತ್ತರು. ಮೇಲ್ಮನವಿಯಲ್ಲಿ ಅದು ಉರುಳಿತು. 1887ರ ಮಾರ್ಚಿನಲ್ಲಿ, ಗಂಡನ ಮನೆಗೆ ಹೋಗು ಇಲ್ಲವೇ ಆರು ತಿಂಗಳ ಸೆರೆವಾಸ ಎಂದು ಆದೇಶವಾಯಿತು. ಸೆರೆಗೆ ಹೋಗುತ್ತೇನೆ ಎಂದಳು ರಖಮಾಬಾಯಿ. 1888ರಲ್ಲಿ ಎರಡು ಸಾವಿರ ರೂಪಾಯಿಗೆ ರಾಜಿಯಾಯಿತು. ಆಕೆ ಇಂಗ್ಲೆಂಡಿಗೆ ಹೋಗಿ ವೈದ್ಯೆಯಾಗಿ ಮರಳಿ ಸೂರತ್, ರಾಜಕೋಟಗಳಲ್ಲಿ ದುಡಿದಳು. ಈ ಮೊಕದ್ದಮೆಯ ಮತ್ತು ಬಂಗಾಳದ ಬಾಲವಧು ಫೂಲಮಣಿಯ ಸಾವಿನ ಗದ್ದಲದ ನಡುವೆ 1891ರ ಕಾಯ್ದೆ ಬಂತು. ಸಮ್ಮತಿಯ ವಯಸ್ಸು ಹತ್ತರಿಂದ ಹನ್ನೆರಡಕ್ಕೆ ಏರಿತು. ಮರಾಠಿ ಪತ್ರಿಕೆಗಳು 'ಸಂಮತಿ ವಯಾಚಾ ಕಾಯದಾ' ಎಂದು ಕರೆದು ವರ್ಷಗಟ್ಟಲೆ ಜಗಳಾಡಿದ್ದು ಇದರ ಮೇಲೆಯೇ. ಒಪ್ಪಲು ಬಾರದವರ ಮೌನವನ್ನು ಒಪ್ಪಿಗೆ ಎನ್ನಲಾಗದು ಎಂಬ ಮಾತು ಅಷ್ಟರ ಮಟ್ಟಿಗೆ ಕಾನೂನಾಯಿತು.

ವ್ಯಾಪಾರದ ಕಾನೂನು ಇದನ್ನು ಮೊದಲೇ ಕಂಡುಕೊಂಡಿತ್ತು. 1862ರ ಇಂಗ್ಲೆಂಡಿನ ಒಂದು ಮೊಕದ್ದಮೆಯಲ್ಲಿ ಕಾಕಾನೊಬ್ಬ ತನ್ನ ಸೋದರನ ಮಗನಿಗೆ ಪತ್ರ ಬರೆದ: ನಿನ್ನಿಂದ ಬೇರೆ ಸುದ್ದಿ ಬರದಿದ್ದರೆ ಕುದುರೆ ನನ್ನದೇ ಎಂದು ತಿಳಿಯುತ್ತೇನೆ. ಹುಡುಗ ಉತ್ತರಿಸಲಿಲ್ಲ. ನ್ಯಾಯಾಲಯ, ಉತ್ತರಿಸುವ ಹೊರೆಯನ್ನು ಇನ್ನೊಬ್ಬನ ಹೆಗಲಿಗೆ ಹೇರಲು ನೀನು ಯಾರು ಎಂಬ ಅರ್ಥದಲ್ಲಿ ಕುದುರೆ ಕಾಕಾನದಲ್ಲ ಎಂದಿತು. ನಮ್ಮ 1872ರ ಕರಾರು ಕಾಯ್ದೆಯೂ ಇಬ್ಬರೂ ಒಂದೇ ವಿಷಯವನ್ನು ಒಂದೇ ಅರ್ಥದಲ್ಲಿ ಒಪ್ಪಿದರೆ ಅದು ಸಮ್ಮತಿ ಎನ್ನುತ್ತದೆ. ಅರ್ಧ ಅರ್ಥವಾದ ಮರಾಠಿಯಲ್ಲಿ ಕೂತಿದ್ದ ನನಗೆ ಈ 'ಒಂದೇ ಅರ್ಥ' ಚುಚ್ಚಿತು.

'ತಕರಾರಿನೊಂದಿಗೆ' ಎಂಬ ಒಂದು ಪದ

ಕುದುರೆಗೆ ಸಿಕ್ಕ ಈ ರಕ್ಷಣೆ ಗದ್ದೆಗೆ ಸಿಗಲಿಲ್ಲ. ಮುಂಬಯಿಯ ಒತ್ತಡ ತಗ್ಗಿಸಲು ಖಾಡಿಯ ಆಚೆ ಹೊಸ ನಗರ ಕಟ್ಟಬೇಕೆಂಬ ಯೋಚನೆಯನ್ನು ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹತಾ, ಶಿರೀಷ್ ಪಟೇಲ್ 1965ರಲ್ಲಿ 'ಮಾರ್ಗ್' ಪತ್ರಿಕೆಯಲ್ಲಿ ಮುಂದಿಟ್ಟರು. 1970ರಲ್ಲಿ ಸಿಡ್ಕೊ ಹುಟ್ಟಿತು. ಠಾಣೆ, ಪನ್ವೇಲ್, ಉರಣದ 95 ಹಳ್ಳಿಗಳ ಸುತ್ತಣ 344 ಚದರ ಕಿಲೋಮೀಟರ್ ಪ್ರದೇಶ ಯೋಜನೆಯೊಳಗೆ ಬಂತು. ಅಲ್ಲಿದ್ದವರು ಹೆಚ್ಚಾಗಿ ಆಗರಿ, ಕೋಳಿ ಜನ. ಭತ್ತ, ಉಪ್ಪಿನಾಗರ, ಮೀನು ಅವರ ಬದುಕು.

ಭೂಮಿ ಹೋದದ್ದು 1894ರ ಭೂಸ್ವಾಧೀನ ಕಾಯ್ದೆಯಡಿ. ಆ ಕಾಯ್ದೆಗೆ ರೈತನ ಒಪ್ಪಿಗೆ ಬೇಕಾಗಿರಲಿಲ್ಲ. ಅಧಿಸೂಚನೆ ಹೊರಟ 30 ದಿನಗಳಲ್ಲಿ ಆಕ್ಷೇಪ ಹೇಳಲು ಅವಕಾಶವಿತ್ತು, ಅದೂ 1923ರ ತಿದ್ದುಪಡಿಯಿಂದ ಬಂದದ್ದು. ತುರ್ತು ಎಂದರೆ ಅದನ್ನೂ ಬಿಡಬಹುದಿತ್ತು. ಪರಿಹಾರ ಕಡಿಮೆಯಾಯಿತೆಂದರೆ 18ನೆಯ ಕಲಮಿನಡಿ ನ್ಯಾಯಾಲಯಕ್ಕೆ ಒಪ್ಪಿಸಿ ಎಂದು ಕೇಳಬಹುದಿತ್ತು. ತೀರ್ಪು ಹೇಳುವಾಗ ಹಾಜರಿದ್ದವನಿಗೆ ಅದಕ್ಕಿದ್ದ ಗಡುವು ಆರೇ ವಾರ. ಇದಕ್ಕೊಂದು ಬಲೆಯೂ ಇತ್ತು. 31ನೆಯ ಕಲಮಿನ ಪ್ರಕಾರ, ಹಣ ತೆಗೆದುಕೊಳ್ಳುವಾಗ 'ತಕರಾರಿನೊಂದಿಗೆ ಪಡೆದಿದ್ದೇನೆ' ಎಂದು ಹೇಳದವನು ಆಮೇಲೆ ಹೆಚ್ಚು ಕೇಳುವ ಹಾಗಿಲ್ಲ. ಓದುಬರಹವಿಲ್ಲದವನು, ಮನೆಯಲ್ಲಿ ಹಣದ ತುರ್ತು ಇದ್ದವನು, ಸಾಹೇಬರೆದುರು ನಿಂತವನು ಈ ಒಂದು ಪದ ಹೇಳಬೇಕಿತ್ತು. ಹೇಳದಿದ್ದರೆ ಮೌನ ಸಮ್ಮತಿ. ಆಜಿಯ ಅಪ್ಪನಿಗೆ ತಪ್ಪಿದ್ದು ಅದೇ ಪದ.

ಹಳ್ಳಿಗಳ ಮೌನ ಒಡೆದದ್ದು ಬೀದಿಯಲ್ಲಿ. ಜಾಸಯಿಯ ದಿ. ಬಾ. ಪಾಟೀಲ್, ಶೇತಕರಿ ಕಾಮಗಾರ್ ಪಕ್ಷದ ನಾಯಕರು, ರೈತರನ್ನು ಸಂಘಟಿಸಿದರು. ಭೂಮಿಗೆ ಬೆಲೆಯೊಂದೇ ಸಾಲದು, ಅಭಿವೃದ್ಧಿಪಡಿಸಿದ ಜಾಗದಲ್ಲಿ ಪಾಲೂ ಬೇಕು ಎಂಬುದು ಬೇಡಿಕೆ. 1984ರ ಜನವರಿ 16 ಮತ್ತು 17ರಂದು ಉರಣ ಭಾಗದಲ್ಲಿ ನಡೆದ ಚಳವಳಿಯ ಮೇಲೆ ಪೊಲೀಸರು ಗುಂಡು ಹಾರಿಸಿದರು, ಐವರು ಸತ್ತರು. ಆ ಹೋರಾಟದ ಫಲವಾಗಿ, ತೆಗೆದುಕೊಂಡ ಭೂಮಿಯ ಹನ್ನೆರಡೂವರೆ ಶೇಕಡಾದಷ್ಟು ಅಭಿವೃದ್ಧಿಪಡಿಸಿದ ಜಾಗವನ್ನು ಮರಳಿ ಕೊಡುವ ಯೋಜನೆ ಬಂತು. ನವಿಮುಂಬಯಿಯಲ್ಲಿ 'ಸಾಡೇಬಾರಾ ಟಕ್ಕೇ' ಪ್ಲಾಟು ಎಂದು ಏಜೆಂಟರು ಹೇಳುವುದನ್ನು ನಮ್ಮಲ್ಲಿ ಬಹಳ ಜನ ಕೇಳಿದ್ದೇವೆ. ಕೆಲವರು ಅಂಥ ಕಟ್ಟಡಗಳಲ್ಲೇ ಇದ್ದೇವೆ. ಆ ಹೆಸರಿನ ಹಿಂದೆ ಐದು ಹೆಣಗಳಿವೆ ಎಂದು ಎಷ್ಟು ಜನಕ್ಕೆ ಗೊತ್ತು?

ಅದೇ 1984ರಲ್ಲಿ ಸಂಸತ್ತು 1894ರ ಕಾಯ್ದೆಗೆ 28ಎ ಕಲಮನ್ನು ಸೇರಿಸಿತು. ಒಂದೇ ಅಧಿಸೂಚನೆಯಲ್ಲಿ ಭೂಮಿ ಕಳೆದುಕೊಂಡ ಒಬ್ಬನಿಗೆ ನ್ಯಾಯಾಲಯ ಹೆಚ್ಚು ಕೊಟ್ಟರೆ, ಕೋರ್ಟಿಗೆ ಹೋಗದೆ ಉಳಿದವರೂ ಮೂರು ತಿಂಗಳೊಳಗೆ ಅರ್ಜಿ ಕೊಟ್ಟು ಅಷ್ಟನ್ನು ಕೇಳಬಹುದು. ಕೋರ್ಟಿಗೆ ಹೋಗುವವರು ಉಳ್ಳವರೇ, ಮಾತು ಬಾರದ ಬಡವರು ಆ ಹಕ್ಕನ್ನು ಬಳಸುವುದಿಲ್ಲ ಎಂಬುದು ಸರಕಾರವೇ ಕೊಟ್ಟ ಕಾರಣ. 1994ರಲ್ಲಿ ಪಂಜಾಬಿನ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು, ಹೆಚ್ಚಿನ ಪರಿಹಾರಕ್ಕೆ ಅರ್ಜಿ ಕೊಟ್ಟಿದ್ದಾನೆಂದರೆ ಅದರಲ್ಲೇ ತಕರಾರು ಅಡಗಿದೆ ಎಂದಿತು. 2013ರ ಹೊಸ ಕಾಯ್ದೆ, ಖಾಸಗಿ ಕಂಪನಿಗೆ ಭೂಮಿ ತೆಗೆಯಬೇಕಾದರೆ ಬಾಧಿತ ಕುಟುಂಬಗಳಲ್ಲಿ 80 ಶೇಕಡಾ, ಸರಕಾರಿ ಖಾಸಗಿ ಪಾಲುದಾರಿಕೆಗೆ 70 ಶೇಕಡಾ ಜನರ ಪೂರ್ವ ಒಪ್ಪಿಗೆ ಬೇಕು ಎಂದಿತು. ನೂರಿಪ್ಪತ್ತು ವರ್ಷ ಬೇಕಾಯಿತು ಕಾಯ್ದೆ ರೈತನನ್ನು ಕೇಳಲು. ಅದೂ ಎಲ್ಲ ಯೋಜನೆಗಳಿಗಲ್ಲ.

ಶರಣಾಗತಿ ಸಮ್ಮತಿಯಲ್ಲ

ಇದೇ ಕಾಲದಲ್ಲಿ ಮಹಾರಾಷ್ಟ್ರದ ಇನ್ನೊಂದು ತುದಿಯಿಂದ ಈ ಪ್ರಶ್ನೆ ಇನ್ನೂ ಕಠೋರವಾಗಿ ಬಂತು. 1972ರಲ್ಲಿ ಚಂದ್ರಪುರ ಜಿಲ್ಲೆಯ ದೇಸಾಯಿಗಂಜ್ ಪೊಲೀಸ್ ಠಾಣೆಯಲ್ಲಿ ಮಥುರಾ ಎಂಬ ಆದಿವಾಸಿ ಹುಡುಗಿಯ ಮೇಲೆ ಅತ್ಯಾಚಾರವಾಯಿತೆಂಬ ಪ್ರಕರಣ. ಹೈಕೋರ್ಟು ಹೆದರಿ ಸುಮ್ಮನಾಗುವುದು ಬೇರೆ, ಸಮ್ಮತಿ ಬೇರೆ ಎಂದು ಇಬ್ಬರು ಪೊಲೀಸರಿಗೆ ಶಿಕ್ಷೆ ಕೊಟ್ಟಿತು. 1978ರಲ್ಲಿ ಸುಪ್ರೀಂ ಕೋರ್ಟು ಮೈಮೇಲೆ ಗಾಯವಿಲ್ಲ, ಪ್ರತಿರೋಧದ ಕುರುಹಿಲ್ಲ ಎಂದು ಬಿಡುಗಡೆ ಮಾಡಿತು. ಮರುವರ್ಷ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ರಘುನಾಥ ಕೇಳ್ಕರ್, ವಸುಧಾ ಧಾಗಮ್‌ವಾರ್ ಎಂಬ ನಾಲ್ವರು ಕಾನೂನು ಅಧ್ಯಾಪಕರು ನ್ಯಾಯಾಲಯಕ್ಕೆ ಬಹಿರಂಗ ಪತ್ರ ಬರೆದರು. ಸಮ್ಮತಿಯಲ್ಲಿ ಮಣಿಯುವಿಕೆ ಇರಬಹುದು, ಆದರೆ ಮಣಿದದ್ದೆಲ್ಲ ಸಮ್ಮತಿಯಲ್ಲ ಎಂಬುದು ಅದರ ತಿರುಳು. ಮುಂಬಯಿಯ ಹೆಂಗಸರು ಬೀದಿಗಿಳಿದರು. 1983ರಲ್ಲಿ ಕಾನೂನು ಬದಲಾಯಿತು. ಪೊಲೀಸರ ವಶದಲ್ಲಿ ನಡೆದದ್ದಕ್ಕೆ ಒಪ್ಪಿರಲಿಲ್ಲ ಎಂದು ಹೆಣ್ಣು ಹೇಳಿದರೆ ನ್ಯಾಯಾಲಯ ಹಾಗೆಂದೇ ಹಿಡಿಯಬೇಕು ಎಂದಾಯಿತು. 2013ರ ತಿದ್ದುಪಡಿ ಸಮ್ಮತಿ ಎಂದರೆ ಮಾತು, ಸನ್ನೆ ಅಥವಾ ಬೇರೆ ರೀತಿಯಿಂದ ತಿಳಿಸಿದ ಸಂದೇಹವಿಲ್ಲದ ಒಪ್ಪಿಗೆ ಎಂದು ಬರೆಯಿತು. ಮೈಯಿಂದ ಎದುರಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಒಪ್ಪಿದಳೆನ್ನುವಂತಿಲ್ಲ ಎಂದೂ ಸೇರಿಸಿತು.

ಐರೋಲಿ, ಮಹಾಪೆಯ ಐಟಿ ಕಚೇರಿಗಳಲ್ಲಿ ದುಡಿಯುವ ನಮ್ಮ ಹುಡುಗರಿಗೆ ಇದರ ಹೊಸ ರೂಪ ಗೊತ್ತು. ಮೊದಲೇ ಟಿಕ್ ಹಾಕಿಟ್ಟ ಚೌಕ ಒಪ್ಪಿಗೆಯಲ್ಲ ಎಂದು 2019ರಲ್ಲಿ ಯುರೋಪಿನ ನ್ಯಾಯಾಲಯ ಹೇಳಿತು. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯೂ ಸ್ಪಷ್ಟ ಕ್ರಿಯೆಯಿಂದ ಕೊಟ್ಟದ್ದೇ ಒಪ್ಪಿಗೆ ಎನ್ನುತ್ತದೆ. ನನ್ನ ಫೋನ್ ನಂಬರಿಗೆ ಇವತ್ತು ಸಿಗುವ ಮರ್ಯಾದೆ ಆಜಿಯ ಅಪ್ಪನ ಗದ್ದೆಗೆ ಸಿಕ್ಕಿರಲಿಲ್ಲ.

ಮುಂದಿನ ಸಭೆ

ಇಷ್ಟೆಲ್ಲ ಓದಿದ ಮೇಲೆ ನಮ್ಮ ಸೊಸೈಟಿಯ ನಿಯಮವನ್ನೂ ನೋಡಿದೆ. ಪುನರ್ವಿಕಾಸಕ್ಕೆ 2019ರ ಜುಲೈ 4ರ ಮಾರ್ಗಸೂಚಿಯಿದೆ. ಅದರಂತೆ ಒಟ್ಟು ಸದಸ್ಯರಲ್ಲಿ 51 ಶೇಕಡಾ ಜನರ ಲಿಖಿತ ಒಪ್ಪಿಗೆ ಬೇಕು, ಸಭೆಯ ವಿಡಿಯೊ ಆಗಬೇಕು. ಗಚ್ಚಿಯ ಮೇಲಿನ ಮೂರು ಸೆಕೆಂಡಿನ ನಿಶ್ಶಬ್ದ ಯಾವುದಕ್ಕೂ ಸಾಲುವುದಿಲ್ಲ. ಆದರೂ ಅಲ್ಲಿ ಯಾರೂ ಮೋಸ ಮಾಡಿರಲಿಲ್ಲ. ಅಧ್ಯಕ್ಷರು ಕೇಳಿದ್ದರು. ನಾನು ಹೇಳಿರಲಿಲ್ಲ. ಹನ್ನೊಂದರ ಹುಡುಗಿಯ ಮೌನ, ಠಾಣೆಯಲ್ಲಿ ಸಿಕ್ಕಿಬಿದ್ದವಳ ಮೌನ, ಹೆಬ್ಬೆಟ್ಟು ಒತ್ತಿದವನ ಮೌನ ನನ್ನದಲ್ಲ. ನನ್ನದು ವ್ಯಾಕರಣ ತಪ್ಪೀತೆಂಬ ನಾಚಿಕೆ. ಸಾಲ ಇರುವವನ, ಬಾಡಿಗೆಯವನ, ಪರಭಾಷೆಯವನ ನಾಚಿಕೆಯನ್ನು ನಾವು ವಲಸಿಗರು ಸಭ್ಯತೆ ಎಂದು ಕರೆದುಕೊಳ್ಳುತ್ತೇವೆ. ನಮ್ಮ ಸಭ್ಯತೆಯ ಬೆಲೆ ಎಷ್ಟೋ ಸಲ ಪಕ್ಕದಲ್ಲಿ ಕೂತವರು ತೆರುತ್ತಾರೆ.

ಸೊಸೈಟಿ ಸಭೆಗಳ ಮೊದಲ ವಿಷಯ ಯಾವಾಗಲೂ ಒಂದೇ: ಹಿಂದಿನ ಸಭೆಯ ಇತಿವೃತ್ತ ಓದಿ ಕಾಯಂ ಮಾಡುವುದು. ಎಲ್ಲರೂ ಅದನ್ನು ಹಾರಿಸಿ ಮುಂದೆ ಹೋಗುತ್ತಾರೆ. ಈ ಸಲ ಕಾರ್ಯದರ್ಶಿ ಓದುವಾಗ ಎದ್ದು ನಿಂತೆ. ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. "ಮಾಝೀ ಹರಕತ್ ಆಹೇ" ಎಂದೆ. 'ಸರ್ವಾನುಮತೇ' ಎಂಬುದನ್ನು ತೆಗೆಯಿರಿ, ನನ್ನ ಎರಡು ಪ್ರಶ್ನೆ ಮತ್ತು ಆಜಿಯ ಒಂದು ಪ್ರಶ್ನೆ ಬರೆದುಕೊಳ್ಳಿ ಎಂದೆ. ನನ್ನ ಮರಾಠಿಗೆ ಇಬ್ಬರು ನಕ್ಕರು. ಅಧ್ಯಕ್ಷರು ನಗಲಿಲ್ಲ, ಬರೆಸಿಕೊಂಡರು. ಆಮೇಲೆ ಎರಡನೆಯ ಮಹಡಿಯ ಗುಜರಾತಿ ಭಾಯಿ ಎದ್ದರು, ಅವರಿಗೂ ಒಂದು ಪ್ರಶ್ನೆಯಿತ್ತಂತೆ.

ಕಟ್ಟಡ ಬೀಳುವುದು ಖಂಡಿತ, ಬೀಳಲೂ ಬೇಕು. ಮೂರು ವರ್ಷ ಎಲ್ಲಿರಬೇಕೆಂಬ ಆಜಿಯ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ. ಆದರೆ ಅದು ಈಗ ಇತಿವೃತ್ತದ ಪುಸ್ತಕದಲ್ಲಿದೆ, ಅವರ ಹೆಸರಿನ ಮುಂದೆ.